ಹನ್ನೆರಡು ಗಜ

ಎಡಚಿ ವಾಪಸು ಬರುತ್ತಿದ್ದಾಳೆ ಎಂದು ಮೇಸ್ತ್ರಿ ಹೇಳಿದಾಗ ಅಳತೆಯಕ್ಕ ಬೆಂಚಿನ ಮೇಲೆ ಕೂತು ಶೂಸಿನ ತಳಕ್ಕೆ ಅಂಟಿದ್ದ ಹುಲ್ಲನ್ನು ಕಡ್ಡಿಯಿಂದ ಕೆರೆಯುತ್ತಿದ್ದಳು. ಕ್ಯಾಡಿಗಳ ಕೋಣೆಯಲ್ಲಿ ಇನ್ನೂ ನಾಲ್ಕೈದು ಮಂದಿ ಇದ್ದರು.

"ನಲವತ್ತು ದಾಟಿದೋರ ಪಂದ್ಯಕ್ಕೆ ಹೆಸರು ಕೊಟ್ಟಿದಾಳೆ. ಚೀಲ ಹೊರೋಕೆ ನೀನೇ ಬೇಕಂತೆ," ಎಂದ ಮೇಸ್ತ್ರಿ.

"ಬೇರೆ ಯಾರನ್ನಾದ್ರೂ ಹಾಕಿ. ನನ್ನ ಮಂಡಿ ಸರಿ ಇಲ್ಲ."

"ನಿನ್ನೆ ತಾನೇ ಎರಡು ಸುತ್ತು ನಡೆದೆಯಲ್ಲಮ್ಮ. ಮಂಡಿಗೆ ಇವತ್ತು ಬೆಳಿಗ್ಗೆ ವಯಸ್ಸಾಯ್ತಾ?"

ಎಲ್ಲರೂ ನಕ್ಕರು. ಅವಳೂ ನಕ್ಕ ಹಾಗೆ ಮಾಡಿದಳು. ಆದರೆ ಕೈಯಲ್ಲಿದ್ದ ಕಡ್ಡಿ ಎರಡು ತುಂಡಾಗಿತ್ತು.

ಮೂವತ್ತೊಂದು ವರ್ಷದಿಂದ ಅವಳು ಆ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಿದ್ದಳು. ಹೊರುವುದು ಹೆಸರಿಗೆ, ಕ್ಯಾಡಿಯ ನಿಜವಾದ ಕೆಲಸ ದಾರಿ ಹೇಳುವುದು. ಮೈದಾನ ಮೊದಲು ಕಲ್ಲಿನ ಕ್ವಾರಿಯಾಗಿತ್ತು. ಕಲ್ಲು ತೀರಿದ ಮೇಲೆ ಮಣ್ಣು ತುಂಬಿ ಹುಲ್ಲು ಬೆಳೆಸಿದರು. ಅಗೆದ ಗುಂಡಿಗಳಲ್ಲಿ ನೀರು ನಿಂತು ಹೊಂಡಗಳಾದವು. ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿಗಳಲ್ಲಿ ಒಂದರ ದಾರಿಯೂ ಸಮತಟ್ಟಾಗಿಲ್ಲ. ನೇರವಾಗಿ ಹೊಡೆದ ಚೆಂಡನ್ನೂ ಇಳಿಜಾರು ತನಗೆ ಬೇಕಾದ ಕಡೆ ಕರೆದುಕೊಂಡು ಹೋಗುತ್ತದೆ. ತೋಳಿನ ಬಲ ನಂಬಿ ಬಂದವರೆಲ್ಲ ಅಲ್ಲಿ ಮುಖ ಸಪ್ಪೆ ಮಾಡಿಕೊಂಡು ಹೋಗಿದ್ದರು.

"ಕುಳಿಯ ಬಾವುಟ ನೋಡಿ ಹೊಡೀಬೇಡಿ," ಎನ್ನುತ್ತಿದ್ದಳು ಅಳತೆಯಕ್ಕ. "ಎಲ್ಲಿ ತಪ್ಪಿದ್ರೆ ಬದುಕ್ತೀರಿ ಅಂತ ಮೊದಲು ನೋಡಿ." ಕುಳಿಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರುವುದು ಅವಳ ಕ್ರಮ. ಕೊನೆಯ ಹೊಡೆತ ಏರುಮುಖವಾಗಿರಬೇಕಾದರೆ ಅದರ ಹಿಂದಿನ ಚೆಂಡು ಎಲ್ಲಿ ನಿಲ್ಲಬೇಕು, ಅದು ಅಲ್ಲಿ ನಿಲ್ಲಬೇಕಾದರೆ ಅದಕ್ಕೂ ಮೊದಲಿನದು ಎಲ್ಲಿರಬೇಕು ಎಂದು ನೋಡುವಳು. ಮರಳುಗುಂಡಿಯ ಹಿಂದೆ ಬಾವುಟ ಅಡಗಿದ್ದರೆ ಅದನ್ನು ಮರೆತು ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ನಡುವಿಗೆ ಹೊಡೆಸುವಳು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬ ಗಾದೆಯನ್ನು ಯಾರೋ ಈ ಮೈದಾನ ನೋಡಿಯೇ ಮಾಡಿರಬೇಕು ಎನ್ನುವಳು. ಸೈಕಲ್ ಚಕ್ರದಂಥ ಅಳತೆಗಾಲಿಯನ್ನು ತಳ್ಳಿಕೊಂಡು ಗಜ ಗಜವನ್ನೂ ಅಳೆದಿದ್ದರಿಂದಲೇ ಅವಳಿಗೆ ಆ ಹೆಸರು.

ಅಷ್ಟು ಅಳೆದವಳು ಒಂದೇ ಒಂದು ಸಲ ತಪ್ಪಿದ್ದಳು. ಅದಾಗಿ ಹತ್ತೊಂಬತ್ತು ವರ್ಷವಾಗಿತ್ತು.

ಆಗ ಎಡಚಿಗೆ ಇಪ್ಪತ್ತನಾಲ್ಕು. ಎಡಗೈಯಲ್ಲಿ ಆಡುತ್ತಿದ್ದ ತೆಳ್ಳಗಿನ ಹುಡುಗಿ; ಕೋಲು ಬೀಸಿದರೆ ಬಟ್ಟೆ ಒಗೆದು ಕೊಡವಿದಷ್ಟು ಸಲೀಸು. ಅದು ಅರ್ಹತೆಯ ಪಂದ್ಯ. ಮೊದಲ ನಾಲ್ವರಿಗೆ ದೊಡ್ಡ ಪಂದ್ಯಗಳ ಬಾಗಿಲು ತೆರೆಯುತ್ತಿತ್ತು. ಕೊನೆಯ ದಿನ ಹದಿಮೂರು ಕುಳಿ ಮುಗಿದಾಗ ಎಡಚಿ ಎಲ್ಲರಿಗಿಂತ ಮುಂದಿದ್ದಳು. ಹದಿನಾಲ್ಕನೆಯ ಕುಳಿಯಲ್ಲಿ ಎರಡನೆಯ ಹೊಡೆತ ಕ್ವಾರಿಯ ದೊಡ್ಡ ಹೊಂಡ ದಾಟಬೇಕು. ಅಲ್ಲಿಂದ ಗ್ರೀನಿನ ಅಂಚಿಗೆ ನೂರೈವತ್ತು ಗಜ ಎಂದು ತೋರಿಸುವ ಬಿಳಿ ಕಂಬವೊಂದು ದಾರಿಯ ಬದಿಯಲ್ಲಿತ್ತು. ಚೆಂಡು ಕಂಬಕ್ಕಿಂತ ನಾಲ್ಕು ಗಜ ಮುಂದೆ ಬಿದ್ದಿತ್ತು. ಬಾವುಟ ಅಂಚಿನಿಂದ ಒಂಬತ್ತು ಗಜ ಒಳಗೆ. ಅಳತೆಯಕ್ಕ ಲೆಕ್ಕ ಹಾಕಿ, "ನೂರೈವತ್ತೈದು," ಎಂದಳು. ಎಡಚಿ ಸರಿಯಾಗಿ ಅಷ್ಟೇ ಹೊಡೆದಳು. ಚೆಂಡು ಗ್ರೀನಿಗೆ ಮೂರು ಗಜ ಕಡಿಮೆ ಬಿದ್ದು, ದಡದ ಕಲ್ಲಿಗೆ ತಾಗಿ, ನೀರಿಗೆ ಹೋಯಿತು.

ಆ ಕುಳಿಯಲ್ಲಿ ಎರಡು ಹೊಡೆತ ಹೆಚ್ಚಾಯಿತು. ಕೊನೆಗೆ ಒಂದೇ ಹೊಡೆತ ಹೆಚ್ಚಾದ್ದರಿಂದ ಎಡಚಿ ಐದನೆಯವಳಾದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಗ್ಗದ ಆಚೆ ನಿಂತು ನೋಡುತ್ತಿದ್ದವರೆಲ್ಲ, ಹುಡುಗಿಗೆ ಎದೆ ಸಾಲಲಿಲ್ಲ, ಕೈ ನಡುಗಿತು ಎಂದರು. ಎಡಚಿಯೇ ಬಂದು ಅಳತೆಯಕ್ಕನ ಭುಜ ಹಿಡಿದು, "ತಪ್ಪು ನಂದೇ ಅಕ್ಕಾ, ನೀನು ಬೇಜಾರು ಮಾಡ್ಕೋಬೇಡ," ಎಂದಳು.

ಸಂಜೆ ಅಳತೆಯಕ್ಕ ಗಾಲಿ ತಳ್ಳಿಕೊಂಡು ಆ ಕಂಬದ ಹತ್ತಿರ ಹೋದಳು. ಅಲ್ಲಿಂದ ಗ್ರೀನಿಗೆ ನೂರೈವತ್ತಲ್ಲ, ನೂರ ಅರವತ್ತೆರಡು ಗಜ ಇತ್ತು. ನೀರಿನ ಪೈಪು ಒಡೆದು, ಅಗೆಯಲೆಂದು ಹಿಂದಿನ ದಿನ ಕಂಬ ಕಿತ್ತಿದ್ದರು. ಅಗೆಯುವ ಜಾಗದ ಈಚೆ, ಹನ್ನೆರಡು ಗಜ ಹಿಂದೆ, ತಾತ್ಕಾಲಿಕವಾಗಿ ನೆಟ್ಟಿದ್ದರು. ನೆಟ್ಟವನು ಅವಳ ಗಂಡನೇ. ಮೈದಾನದ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ ಅವನು ಅದನ್ನು ಮನೆಯಲ್ಲಿ ಹೇಳಿಯೂ ಇದ್ದ. ಮಗಳಿಗೆ ಜ್ವರ ಬಂದಿತ್ತು. ಒಲೆಯ ಮುಂದೆ ನಿಂತಿದ್ದವಳು ಕೇಳಿಸಿಕೊಳ್ಳದೆಯೇ "ಹೂಂ" ಎಂದಿದ್ದಳು. ಬೆಳಿಗ್ಗೆ ಕ್ಯಾಡಿಗಳನ್ನೆಲ್ಲ ಸೇರಿಸಿ, ಹದಿನಾಲ್ಕರ ಕಂಬಕ್ಕೆ ಹನ್ನೆರಡು ಸೇರಿಸಿಕೊಳ್ಳಿ ಎಂದು ಮೇಸ್ತ್ರಿ ಹೇಳುವಾಗ ಅವಳು ಮಗಳಿಗೆ ಔಷಧಿ ಕುಡಿಸುತ್ತಿದ್ದಳು. ನೀರಿನ ಮುಂದೆ ನಿಂತಾಗ ದೂರ ಯಾಕೋ ಜಾಸ್ತಿ ಕಂಡಿತ್ತು. ಕಣ್ಣು ಹೇಳಿದ್ದನ್ನು ಬಿಟ್ಟು ಕಂಬ ಹೇಳಿದ್ದನ್ನು ನಂಬಿದ್ದಳು.

"ಬಾಯಿ ಬಿಡಬೇಡ," ಎಂದಿದ್ದ ಗಂಡ ಅವತ್ತು. "ಚೆಂಡಂತೂ ನೀರಿಗೆ ಹೋಯ್ತು. ಇನ್ನು ನಮ್ಮಿಬ್ಬರ ಕೆಲಸಾನೂ ಅದರ ಹಿಂದೆ ಹೋಗೋದು ಬೇಡ." ಆ ಹುಡುಗಿ ಮುಂದಿನ ವರ್ಷ ಗೆದ್ದೇ ಗೆಲ್ಲುತ್ತಾಳೆ, ಆಗ ಹೇಳಿದರಾಯಿತು ಎಂದುಕೊಂಡಳು ಅವಳು. ಎಡಚಿ ಮುಂದಿನ ವರ್ಷ ಗೆಲ್ಲಲಿಲ್ಲ. ಅದರ ಮುಂದಿನ ವರ್ಷ ಆಟ ಬಿಟ್ಟಳು ಎಂದು ಸುದ್ದಿ ಬಂತು.

ಪಂದ್ಯಕ್ಕೆ ಎರಡು ದಿನ ಮೊದಲು ಅಭ್ಯಾಸಕ್ಕೆಂದು ಎಡಚಿ ಬಂದಳು. ನಲವತ್ತಮೂರು ವರ್ಷದ ಹೆಂಗಸು. ಕೂದಲು ಗಿಡ್ಡ, ಮುಖ ಬಿಸಿಲಿಗೆ ಕಂದಿತ್ತು. ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದಳು.

"ಅಕ್ಕಾ, ನೀನು ಒಂಚೂರೂ ಬದಲಾಗಿಲ್ಲ," ಎಂದಳು.

"ಸುಳ್ಳು ಹೇಳೋದು ನೀನೂ ಕಲ್ತೆ ಬಿಡು," ಎಂದಳು ಅಳತೆಯಕ್ಕ. ಹೇಳಿದ ಮೇಲೆ ಆ 'ನೀನೂ' ಅವಳನ್ನೇ ಚುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎಡಚಿ ಗಮನಿಸಲಿಲ್ಲ.

ಇಬ್ಬರೂ ಮೈದಾನ ಸುತ್ತಿದರು. ಅಳತೆಯಕ್ಕ ಒಂದೊಂದು ಕುಳಿಯನ್ನೂ ಬಿಡಿಸಿ ಹೇಳಿದಳು. ಮೂರನೆಯದರಲ್ಲಿ ಎಡಗಡೆ ಅಗಲ ಕಾಣುತ್ತದೆ, ಆದರೆ ಅಲ್ಲಿಂದ ಗ್ರೀನು ಓರೆ. ಬಲಗಡೆ ಇಕ್ಕಟ್ಟಾದರೂ ಅಲ್ಲಿಂದಲೇ ಒಳ್ಳೆಯದು. ಏಳನೆಯದು ಉದ್ದ, ಎರಡೇ ಹೊಡೆತದಲ್ಲಿ ಮುಟ್ಟುವ ಆಸೆ ಬೇಡ. ಒಂಬತ್ತರಲ್ಲಿ ಮಧ್ಯಾಹ್ನದ ಮೇಲೆ ಗಾಳಿ ತಿರುಗುತ್ತದೆ. ಎಡಚಿ ಎಲ್ಲಕ್ಕೂ ತಲೆಯಾಡಿಸಿದಳು. ಆದರೆ ಅವಳು ಆಡುವುದನ್ನು ಅಳತೆಯಕ್ಕ ನೋಡುತ್ತಿದ್ದಳು. ಆ ಸಲೀಸಾದ ಬೀಸು ಇರಲೇ ಇಲ್ಲ. ಕೋಲು ಮೇಲೆ ಹೋಗಿ ಒಂದು ಕ್ಷಣ ಅಲ್ಲೇ ತಡವರಿಸಿ, ಅನುಮತಿ ಕೇಳಿದ ಹಾಗೆ ಕೆಳಗೆ ಬರುತ್ತಿತ್ತು. ಅಳತೆಯಕ್ಕ ಮುಂದೆ ಹೋಗು ಎಂದ ಕಡೆಯೂ ಅವಳು ಹಿಂದೆಯೇ ನಿಲ್ಲಿಸುತ್ತಿದ್ದಳು. ಎಚ್ಚರಿಕೆಯಿಂದ ಆಡುವುದು ಬೇರೆ, ಹೆದರಿ ಆಡುವುದು ಬೇರೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ.

ಹದಿನಾಲ್ಕನೆಯ ಕುಳಿಯಲ್ಲಿ ನೀರಿನ ಎದುರು ಬಂದಾಗ ಎಡಚಿ ಚೆಂಡು ಹೊಡೆಯದೆ ನಿಂತಳು.

"ನಿನ್ನ ಬೀಸು ಎಲ್ಲಿ ಹೋಯ್ತೇ?" ಎಂದು ಅಳತೆಯಕ್ಕ ಮೆಲ್ಲಗೆ ಕೇಳಿದಳು.

"ಅದನ್ನ ಮುರಿಸಿಬಿಟ್ಟೆ ಅಕ್ಕಾ. ಇಲ್ಲಿಂದ ಹೋದ ಮೇಲೆ ಒಬ್ಬ ಕೋಚ್ ಹತ್ರ ಎರಡು ವರ್ಷ ಪೂರ್ತಿ ಬಿಚ್ಚಿ ಮತ್ತೆ ಜೋಡಿಸೋಕೆ ನೋಡಿದೆ. ಆಗಲೇ ಇಲ್ಲ." ನೀರನ್ನೇ ನೋಡುತ್ತ ಮುಂದುವರಿಸಿದಳು. "ನಿಂಗೆ ಗೊತ್ತಾ, ಅವತ್ತು ಇಲ್ಲಿ ಹೊಡೆದದ್ದು ನನ್ನ ಜನ್ಮದಲ್ಲೇ ಚೆನ್ನಾಗಿ ಬಿದ್ದ ಏಟು ಅನ್ನಿಸಿತ್ತು. ಕೋಲಿಗೆ ಚೆಂಡು ತಾಗಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಆಮೇಲೆ ನೋಡಿದ್ರೆ ನೀರಲ್ಲಿ. ಸರಿ ಅನ್ನಿಸಿದ್ದೇ ತಪ್ಪಾದ್ರೆ ಮತ್ತೆ ನಂಬೋದು ಏನನ್ನ? ಅಲ್ಲಿಂದ ನನ್ನ ಕೈ ಹೇಳೋದನ್ನ ನಾನು ಕೇಳೋದೇ ಬಿಟ್ಟೆ."

ಅಳತೆಯಕ್ಕ ಹೆಗಲ ಮೇಲಿನ ಚೀಲ ಕೆಳಗಿಳಿಸಿದಳು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಹಿಂದಿನ ಗುಂಪಿನವರು ಕೂಗಿದರು, ಇಬ್ಬರೂ ಮುಂದೆ ನಡೆದರು.

ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಹಿತ್ತಲಿನ ಕಲ್ಲಿನ ಮೇಲೆ ಕೂತು ಕೈಗಂಟಿದ ಗ್ರೀಸ್ ತಿಕ್ಕಿ ತೊಳೆಯುತ್ತಿದ್ದ.

"ಒಣಗಿದ ಗಾಯ. ಯಾಕೆ ಕೆದಕ್ತೀಯ?"

"ಒಣಗಿಲ್ಲ ಕಣ್ರೀ. ನಾನು ಒಣಗಿದೆ ಅಂದ್ಕೊಂಡಿದ್ದೆ. ಅವಳ ಬೀಸು ನೋಡಿದ್ರೆ ನಿಮಗೂ ಗೊತ್ತಾಗತ್ತೆ. ಚೆನ್ನಾಗಿರೋ ಕಾಲಿಗೆ ಪಟ್ಟಿ ಕಟ್ಟಿ ಕುಂಟು ಮಾಡಿದ ಹಾಗಾಗಿದೆ."

"ಹೇಳ್ಲೇಬೇಕು ಅಂದ್ರೆ ಪಂದ್ಯ ಮುಗಿದ ಮೇಲೆ ಹೇಳು."

"ಮುಗಿದ ಮೇಲೆ ಹೇಳಿದ್ರೆ ಅದು ನನ್ನ ನೆಮ್ಮದಿಗೆ ಹೇಳಿದ ಹಾಗೆ ಆಗತ್ತೆ."

"ಆ ಕಂಬ ನೆಟ್ಟೋನು ನಾನು. ಬಾಯಿ ಬಿಡಬೇಡ ಅಂದೋನೂ ನಾನೇ. ನನ್ನ ಹೆಸರೂ ಸೇರಿಸಿ ಹೇಳು," ಎಂದ. ಕೈ ಶುಭ್ರವಾಗಿದ್ದರೂ ಮತ್ತೊಂದು ಸಲ ಸೋಪು ಹಚ್ಚಿದ.

ಆದರೂ ಮೊದಲ ದಿನದ ಆಟಕ್ಕೆ ಮುಂಚೆ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಎಡಚಿ ಅವತ್ತು ಯಾವ ಗುಂಡಿಗೂ ಬೀಳದೆ, ಯಾವುದನ್ನೂ ಗೆಲ್ಲದೆ, ಹದಿನಾಲ್ಕರಲ್ಲಿ ಹೊಂಡದ ಪಕ್ಕದ ಉದ್ದ ದಾರಿ ಹಿಡಿದು, ಇಪ್ಪತ್ತೆರಡನೆಯ ಸ್ಥಾನದಲ್ಲಿ ಮುಗಿಸಿದಳು. ಆಟ ಮುಗಿದ ಮೇಲೆ ಕೋಲುಗಳನ್ನು ತೊಳೆಯುವ ತೊಟ್ಟಿಯ ಹತ್ತಿರ ಅವರಿಬ್ಬರೇ ಉಳಿದರು. ಅಳತೆಯಕ್ಕ ಒದ್ದೆ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟಳು.

"ಅವತ್ತು ನೀನು ಹೊಡೆದದ್ದು ಸರಿಯಾಗಿತ್ತು," ಎಂದಳು. "ನಾನು ಹೇಳಿದ ಅಳತೆ ತಪ್ಪು. ಹನ್ನೆರಡು ಗಜ ಕಮ್ಮಿ ಹೇಳಿದ್ದೆ."

ಎಡಚಿಗೆ ಮೊದಲು ಅರ್ಥವಾಗಲಿಲ್ಲ. ಅಳತೆಯಕ್ಕ ಪೈಪು, ಕಂಬ, ಮಗಳ ಜ್ವರ, ಗಂಡ ಹೇಳಿದ್ದು, ತಾನು ಹೂಂ ಎಂದದ್ದು, ಸಂಜೆ ಹೋಗಿ ಅಳೆದದ್ದು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು. ನಡುವೆ ಅಳಬಾರದು ಎಂದು ನಿರ್ಧರಿಸಿದ್ದಳು, ಅಳಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದಳು ಎಡಚಿ.

"ಅವತ್ತು ಸಂಜೇನೇ."

"ನಾನು ಅವತ್ತು ರಾತ್ರಿವರೆಗೂ ಈ ಊರಲ್ಲೇ ಇದ್ದೆ."

"ಗೊತ್ತು."

ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಎಡಚಿ ಅದನ್ನು ತಿರುಗಿಸಿ ಗಟ್ಟಿಯಾಗಿ ಮುಚ್ಚಿದಳು. ಕೋಲುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ, ಚೀಲವನ್ನು ತಾನೇ ಹೆಗಲಿಗೇರಿಸಿದಳು.

"ನಾಳೆ ನೀವು ಬರಬೇಕು," ಎಂದಳು. "ಚೀಲ ಮುಟ್ಟಬೇಡಿ. ನಾನು ಕೇಳದೆ ಮಾತಾಡಬೇಡಿ."

ಅಷ್ಟು ವರ್ಷ 'ನೀನು' ಎಂದವಳ ಬಾಯಲ್ಲಿ ಬಂದ ಆ 'ನೀವು' ಅಳತೆಯಕ್ಕನಿಗೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಜೋರಾಗಿ ತಾಗಿತು.

ಮರುದಿನ ಬೆಳಕು ಹರಿಯುತ್ತಲೇ ಅವಳು ಗಾಲಿ ತಳ್ಳಿಕೊಂಡು ಹದಿನೆಂಟು ಕುಳಿಗಳನ್ನೂ ಅಳೆದಳು. ಮೂವತ್ತೊಂದು ವರ್ಷದ ಲೆಕ್ಕ ತಲೆಯಲ್ಲಿದ್ದರೂ ಮೊದಲ ದಿನ ಬಂದವಳ ಹಾಗೆ ಎಲ್ಲವನ್ನೂ ಬರೆದುಕೊಂಡಳು. ಆಟ ಶುರುವಾದಾಗ ಎಡಚಿ ಚೀಲ ಹೊತ್ತು ಮುಂದೆ ನಡೆದಳು. ಅಳತೆಯಕ್ಕ ಬರಿಗೈಯಲ್ಲಿ ಹತ್ತು ಹೆಜ್ಜೆ ಹಿಂದೆ. ಉಳಿದ ಕ್ಯಾಡಿಗಳು ನೋಡಿದರು.

ಎಡಚಿ ಸಿಟ್ಟಿನಲ್ಲಿ ಆಡಿದಳು. ಮೂರನೆಯದರಲ್ಲಿ ಬೇಡವೆಂದಿದ್ದ ಎಡಗಡೆಗೇ ಹೊಡೆದು ಮರಳುಗುಂಡಿಗೆ ಬಿದ್ದಳು. ಏಳನೆಯದರಲ್ಲಿ ಎರಡೇ ಹೊಡೆತಕ್ಕೆ ಮುಟ್ಟಲು ಹೋಗಿ ಕಲ್ಲುಪೊದೆಯಲ್ಲಿ ಚೆಂಡು ಕಳೆದಳು. ಅಳತೆಯಕ್ಕ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಮೈದಾನದ ಮೇಲೆ ಸಿಟ್ಟು ತೋರಿಸಿದವರನ್ನು ಆ ಮೈದಾನ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹತ್ತನೆಯ ಕುಳಿಯ ಹೊತ್ತಿಗೆ ಸಿಟ್ಟು ಸುಸ್ತಾಯಿತು. ಎಡಚಿಯ ಹೆಜ್ಜೆ ನಿಧಾನವಾಯಿತು. ಹನ್ನೊಂದು, ಹನ್ನೆರಡು, ಹದಿಮೂರನ್ನು ಅವಳು ಯಾರನ್ನೂ ಕೇಳದೆ, ಬಾವುಟ ಮರೆತು, ಅಗಲ ಇದ್ದ ಕಡೆ ಹೊಡೆದು, ಲೆಕ್ಕಕ್ಕೆ ಸರಿಯಾಗಿ ಮುಗಿಸಿದಳು. ಕೋಲು ಈಗ ಮೇಲೆ ಹೋಗಿ ಅಷ್ಟು ತಡವರಿಸುತ್ತಿರಲಿಲ್ಲ.

ಹದಿನಾಲ್ಕರಲ್ಲಿ ಚೆಂಡು, ಎಂದೋ ತನ್ನ ಹಳೆಯ ಜಾಗಕ್ಕೆ ಮರಳಿದ್ದ ಕಂಬಕ್ಕಿಂತ ಎಂಟು ಗಜ ಹಿಂದೆ ನಿಂತಿತ್ತು. ಎಡಚಿ ಚೀಲ ಇಳಿಸಿದಳು. ತಿರುಗಿ ನೋಡದೆಯೇ ಕೇಳಿದಳು.

"ಎಷ್ಟು?"

"ಅಂಚಿಗೆ ನೂರ ಐವತ್ತೆಂಟು. ಬಾವುಟಕ್ಕೆ ನೂರ ಎಪ್ಪತ್ತೊಂದು. ಎದುರುಗಾಳಿ, ಐದು ಸೇರಿಸ್ಕೋ. ಗ್ರೀನು ಬಲಕ್ಕೆ..."

"ನಾನು ಸಲಹೆ ಕೇಳಲಿಲ್ಲ. ಅಳತೆ ಕೇಳಿದೆ."

"ಇವತ್ತು ಬೆಳಿಗ್ಗೆ ಎರಡು ಸಲ ಅಳೆದಿದೀನಿ."

ಎಡಚಿ ಕೋಲು ತೆಗೆದಳು. ಹುಲ್ಲು ಕಿತ್ತು ಗಾಳಿಗೆ ಬಿಟ್ಟಳು. ಹೊಡೆದಳು. ಚೆಂಡು ಎತ್ತರಕ್ಕೆ ಹೋಗಿ, ನೀರು ದಾಟಿ, ಬಾವುಟವನ್ನೂ ದಾಟಿ ಗ್ರೀನಿನ ಹಿಂಬದಿಗೆ ಬಿದ್ದು ನಿಂತಿತು. ದೊಡ್ಡ ಏಟೇನಲ್ಲ. ಅಲ್ಲಿಂದ ಅವಳಿಗೆ ಮೂರು ಹೊಡೆತ ಬೇಕಾಯಿತು, ಲೆಕ್ಕಕ್ಕಿಂತ ಒಂದು ಹೆಚ್ಚು. ಆದರೆ ಹೊಡೆದ ಮೇಲೆ ಅವಳು ಬಹಳ ಹೊತ್ತು ಅಲ್ಲೇ ನಿಂತು ತನ್ನ ಎರಡು ಕೈಗಳನ್ನು ನೋಡಿಕೊಂಡದ್ದನ್ನು ಅಳತೆಯಕ್ಕ ಹತ್ತು ಹೆಜ್ಜೆ ಹಿಂದಿನಿಂದ ನೋಡಿದಳು.

ಪಂದ್ಯ ಮುಗಿದಾಗ ಎಡಚಿ ಹತ್ತೊಂಬತ್ತನೆಯವಳು. ಗೇಟಿನ ಹತ್ತಿರ ಅವಳು ನಿಂತಳು.

"ಕ್ಷಮಿಸಿದೀನಿ ಅಂತ ನನ್ನ ಬಾಯಲ್ಲಿ ಬರ್ತಿಲ್ಲ. ಬರತ್ತೆ ಅಂತಾನೂ ಹೇಳಲ್ಲ. ಆದ್ರೆ ಒಂದು ಕೆಲಸ ಮಾಡಿ. ನನಗೆ ಹೇಳಿದ್ದನ್ನೆಲ್ಲ ನಮ್ಮಪ್ಪನಿಗೆ ಬಂದು ಹೇಳಿ. ಅವನು ಅವತ್ತು ಹಗ್ಗದ ಹಿಂದೆ ನಿಂತಿದ್ದ."

ಮುಂದಿನ ಭಾನುವಾರ ಅಳತೆಯಕ್ಕ ಎರಡು ಬಸ್ಸು ಬದಲಿಸಿ ಹೋದಳು. ಗಂಡ ತಾನೂ ಬರುತ್ತೇನೆಂದ, ಅವಳೇ ಬೇಡವೆಂದಳು. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಎಂಬತ್ತರ ಮೇಲಾಗಿದ್ದರೂ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ. ಎಡಚಿ ಕುರ್ಚಿ ಹಾಕಿ, ಬಾಗಿಲಿಗೆ ಒರಗಿ ನಿಂತಳು.

ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದಳು ಅಳತೆಯಕ್ಕ. ಇನ್ನೂ ಕಷ್ಟವಾಯಿತು. ಮುದುಕ ಮಸೂರ ತೆಗೆದು ಕೇಳಿದ. ಎಲ್ಲ ಮುಗಿದ ಮೇಲೆ, "ಎಷ್ಟು ಅಂದ್ರಿ?" ಎಂದ.

"ಹನ್ನೆರಡು ಗಜ."

"ನನ್ನ ಕಸುಬಲ್ಲಿ ಕೈ ನಡುಗಿದ್ರೆ ಅನ್ನ ಇಲ್ಲಮ್ಮ. ಅವತ್ತು ವಾಪಸು ಹೋಗುವಾಗ ಬಸ್ಸಲ್ಲಿ ನಾನು ಇವಳಿಗೆ ಒಂದೇ ಮಾತು ಹೇಳಿದ್ದು. ಕೈ ನಡುಗಿತು ಅಲ್ವಾ ಅಂತ." ಅವನು ಮೇಜಿನ ಮೇಲಿದ್ದ ಸಣ್ಣ ತಿರುಪುಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದ. "ಅಳತೆ ತಪ್ಪಿದ್ದು ನಿಮ್ದು. ಆ ಮಾತು ನಂದು. ಅದನ್ನ ನಿಮ್ಮ ತಲೆ ಮೇಲೆ ಹಾಕಕ್ಕಾಗಲ್ಲ."

ಆಮೇಲೆ ಮಗಳ ಕಡೆ ತಿರುಗಿದ. "ಇಲ್ಲ ಅಂತ ಯಾಕೆ ಹೇಳ್ಲಿಲ್ಲ ನೀನು? ಇಷ್ಟು ವರ್ಷದಲ್ಲಿ ಒಂದಿನ?"

"ನೀನು ಹೇಳಿದ್ದಲ್ವಾಪ್ಪ," ಎಂದಳು ಎಡಚಿ. "ನಾನೂ ನಂಬಿದ್ದೆ."

ಅವಳು ಬಾಗಿಲು ಬಿಟ್ಟು ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಅಳತೆಯಕ್ಕ ಎದ್ದು, ತಾನೇ ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ಯಾರೂ ತಡೆಯಲಿಲ್ಲ, ಅದು ಸರಿಯೂ ಆಗಿತ್ತು.

ಬಸ್ಸಿನಲ್ಲಿ ಕೂತಾಗ, ಈಗಲಾದರೂ ಎದೆ ಹಗುರಾಗಬಹುದು ಎಂದು ಅವಳು ಕಾದಳು. ಹಗುರಾಗಲಿಲ್ಲ. ಅಳಬೇಕು ಎನ್ನಿಸಿತು, ಪಕ್ಕದಲ್ಲಿ ಜನ ಇದ್ದರು. ಇಳಿಯುವ ನಿಲ್ದಾಣದಲ್ಲಿ ಗಂಡ ಕಾಯುತ್ತಿದ್ದ.

"ಏನಂದ್ರು?"

"ಕೂತು ಕೇಳಿದ್ರು."

ಅವನು ಅವಳ ಕೈಯಲ್ಲಿದ್ದ ಚೀಲ ತೆಗೆದುಕೊಂಡ. ಸೋಮವಾರ ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಹೋಗಿ ಮೇಸ್ತ್ರಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಮೇಸ್ತ್ರಿ ತಲೆ ಕೆರೆದುಕೊಂಡು, ಒಂದು ವರ್ಷ ಪಂದ್ಯಗಳಿಗೆ ಅವಳನ್ನು ಹಾಕುವುದಿಲ್ಲ ಎಂದ. ಅವಳು ಆಗಲಿ ಎಂದಳು. ಆ ವರ್ಷ ಅವಳು ಹೊಸದಾಗಿ ಆಟ ಕಲಿಯುವವರ ಚೀಲ ಹೊತ್ತಳು. ಅವರು ಚೆಂಡನ್ನು ಕಂಡಕಂಡಲ್ಲಿ ಹೊಡೆದು ನಗುತ್ತಿದ್ದರು. ಅವಳು ಪೊದೆ ಸರಿಸಿ ಹುಡುಕಿ ಕೊಡುತ್ತಿದ್ದಳು.